ಮನೆಯೊಳಗಿನ ಕಾಯಕ, ನೆರೆಮನೆಯ ನಿದ್ರೆ

ಕಳೆದ ಬೇಸಿಗೆಯ ಒಂದು ಸಾಯಂಕಾಲ ರಾಮದುರ್ಗ ಸೀಮೆಯ ನೇಕಾರ ಓಣಿಯೊಂದರಿಂದ ಇಬ್ಬರು ಗೃಹಸ್ಥರು ಶ್ರೀಮಠಕ್ಕೆ ಬಂದರು. ಒಬ್ಬರು ನೇಕಾರರು, ಇನ್ನೊಬ್ಬರು ಪ್ರಾಥಮಿಕ ಶಾಲೆಯ ಸೇವೆಯಿಂದ ನಿವೃತ್ತರಾದ ಮಾಸ್ತರರು. ಇವರ ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ನೇಕಾರರ ತಂದೆಯ ಕಾಲದಲ್ಲಿ ಪಡಸಾಲೆಯಲ್ಲಿ ಕುಣಿಮಗ್ಗವಿತ್ತು. ಈಗ ಅದೇ ಪಡಸಾಲೆಯಲ್ಲಿ, ಅದೇ ಗೋಡೆಗೆ ತಾಗಿದಂತೆ, ಎರಡು ವಿದ್ಯುತ್ ಮಗ್ಗಗಳು ಓಡುತ್ತವೆ. ಗೋಡೆಯ ಆಚೆಗೆ ಮಾಸ್ತರರ ಧರ್ಮಪತ್ನಿ ಹೃದಯದ ಬೇನೆಯಿಂದ ಹಾಸಿಗೆ ಹಿಡಿದಿದ್ದಾರೆ. ಹಗಲು ಕರೆಂಟು ಹೋದ ದಿನ ನೇಕಾರರು ರಾತ್ರಿ ನೇಯುತ್ತಾರೆ. ಆ ರಾತ್ರಿ ಆ ತಾಯಿಗೆ ನಿದ್ರೆಯಿಲ್ಲ. ಮಾಸ್ತರರಿಗೆ ಪುರಸಭೆಗೆ ಅರ್ಜಿ ಕೊಡಿರೆಂದು ಯಾರೋ ಹೇಳಿದ್ದರು. ಅದಕ್ಕೂ ಮೊದಲು ಮಠದಲ್ಲಿ ಕೇಳೋಣವೆಂದು ಇಬ್ಬರೂ ಕೂಡಿಯೇ ಬಂದಿದ್ದರು.

ನೇಕಾರರು ಹೇಳಿದ್ದು ಇಷ್ಟೇ: "ಅಪ್ಪಾರ, ಸೀರಿ ಲೆಕ್ಕದಾಗ ಕೂಲಿ ಬರ್ತೈತ್ರಿ. ಮಗ್ಗ ನಿಂತರ ಒಲಿ ನಿಂತಂಗ." ಮಾಸ್ತರರು ಹೇಳಿದ್ದು ಅದಕ್ಕಿಂತಲೂ ಕಡಿಮೆ: "ನಾ ಮಗ್ಗಾ ಬ್ಯಾಡ ಅನ್ನಾಂಗಿಲ್ರಿ. ರಾತ್ರಿ ಒಂದೀಟು ನಿದ್ದಿ ಬೇಕ್ರಿ."

ನಾವು ಆ ದಿನ ತಪ್ಪು ಮಾಡಿದೆವು. ಕಾಯಕದ ಹಿರಿಮೆಯನ್ನು ಹೇಳಿ ಹೇಳಿ ನಮ್ಮ ನಾಲಗೆಗೆ ಒಂದು ರೂಢಿಯಾಗಿಬಿಟ್ಟಿದೆ. ಜೇಡರ ದಾಸಿಮಯ್ಯನವರ ಮಗ್ಗ, ನುಲಿಯ ಚಂದಯ್ಯನವರ ಹಗ್ಗ, ಮೇದಾರ ಕೇತಯ್ಯನವರ ಬಿದಿರು ಇವೆಲ್ಲವನ್ನೂ ಎತ್ತಿ ಆಡಿ, ದುಡಿಮೆಯ ಸಪ್ಪಳ ಪೂಜೆಯ ಗಂಟೆಯಂತೆ ಎಂಬರ್ಥದ ಮಾತನ್ನೂ ಸೇರಿಸಿದೆವು. ನೇಕಾರರ ಮುಖ ಅರಳಿತು. ಮಾಸ್ತರರು ಏನೂ ಅನ್ನದೆ ನಮಸ್ಕರಿಸಿ ಎದ್ದರು. ಆ ಮೌನವೇ ನಮ್ಮನ್ನು ಈ ಪ್ರಶ್ನೆಯ ಕಡೆಗೆ ತಿರುಗಿಸಿತು. ಮನೆಯಲ್ಲಿ ಉದ್ಯೋಗ ನಡೆಸುವ ಹಕ್ಕು ಎಲ್ಲಿಯವರೆಗೆ? ಅದರ ಭಾರವನ್ನು ಹೊರಬೇಕಾದವರು ಯಾರು?

ನಮ್ಮ ಊರುಗಳ ಮಟ್ಟಿಗೆ ಹೇಳುವುದಾದರೆ ಮನೆ ಬೇರೆ, ಕೆಲಸದ ಜಾಗ ಬೇರೆ ಎಂಬ ಕಲ್ಪನೆಯೇ ಇತ್ತೀಚಿನದು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಹಳೆಯ ಭಾಗಗಳಲ್ಲಿ ನಡೆದರೆ ಓಣಿಗಳ ಹೆಸರೇ ಸಾಕ್ಷಿ ನುಡಿಯುತ್ತವೆ: ನೇಕಾರ ಓಣಿ, ಕುಂಬಾರ ಓಣಿ, ಗಾಣಿಗೇರ ಓಣಿ, ಮೇದಾರ ಓಣಿ. ಬಡಿಗೇರ, ಕಂಬಾರ, ಪತ್ತಾರ ಎಂಬ ಅಡ್ಡಹೆಸರುಗಳು ಮನೆಯೊಳಗೆ ಏನು ನಡೆಯುತ್ತಿತ್ತೆಂಬುದನ್ನು ಇಂದಿಗೂ ಸಾರುತ್ತವೆ. ಎಲ್ಲಮ್ಮನ ಗುಡ್ಡದ ಜಾತ್ರೆ ಬಂದಿತೆಂದರೆ ಸವದತ್ತಿಯ ಎಷ್ಟೋ ಮನೆಗಳ ಕಟ್ಟೆ ಅಂಗಡಿಯಾಗುತ್ತದೆ. ವಿಧವೆಯಾದ ತಾಯಿಯೊಬ್ಬಳು ನಸುಕಿನಲ್ಲಿ ಎದ್ದು ನೂರು ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿಯೊಡನೆ ಖಾನಾವಳಿಗೆ ಕೊಟ್ಟು ಮಕ್ಕಳನ್ನು ಓದಿಸುತ್ತಾಳೆ. ಅವಳ ಅಡಿಗೆಮನೆ ಮನೆಯೋ, ಕಾರ್ಖಾನೆಯೋ? ಅಂಥವಳಿಗೆ ಬಾಡಿಗೆಯ ಅಂಗಡಿ ಹಿಡಿಯಿರಿ ಎನ್ನುವುದು, ರೊಟ್ಟಿಯನ್ನು ಬಿಡಿರಿ ಎನ್ನುವುದಕ್ಕೆ ಸಮ.

ಹಾಗೆಂದು, ನೆರೆಯವನ ತೊಂದರೆಯನ್ನು ನಮ್ಮ ಹಿಂದಿನವರು ಎಣಿಸಲೇ ಇಲ್ಲವೆಂದು ತಿಳಿಯಲಾಗದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆ ಕಟ್ಟುವ ವಿಚಾರವಾಗಿಯೇ ಒಂದು ಪ್ರಕರಣವಿದೆ. ಒಲೆಯ ಸ್ಥಾನ, ಬೀಸುವ ಕಲ್ಲು, ಕುಟ್ಟುವ ಸಾಧನ ಇವುಗಳನ್ನು ನೆರೆಯವನ ಗೋಡೆಗೆ ತಾಗಿಸದೆ ಇಷ್ಟು ಅಂತರ ಬಿಟ್ಟು ಇಡಬೇಕು, ಮೀರಿದವನಿಗೆ ದಂಡ ಎಂದು ಅಲ್ಲಿ ವಿಧಿಸಲಾಗಿದೆ. ಬೆಂಕಿಯಿಂದ ಜೀವಿಸುವ ಕಸುಬಿನವರು ಒಂದೆಡೆ ನೆಲೆಸತಕ್ಕದ್ದು ಎಂಬ ನಿಯಮವೂ ಅದರಲ್ಲಿದೆ. ಕುಟ್ಟುವುದನ್ನು ಅವನು ನಿಷೇಧಿಸಲಿಲ್ಲ. ಗೋಡೆಯಿಂದ ದೂರ ಸರಿಸಿದನು. ಬೇಸಿಗೆಯಲ್ಲಿ ವರ್ಷದ ಖಾರ ಕುಟ್ಟಿಸುವ ದಿನಗಳಲ್ಲಿ ಯಂತ್ರದ ನೆರೆಯಲ್ಲಿದ್ದು ಕೆಮ್ಮಿದವರಿಗೆ ಆ ಮುನಿಯ ದೂರದೃಷ್ಟಿ ಮನದಟ್ಟಾಗದೆ ಇರದು.

ಊರನ್ನು ವಲಯಗಳಾಗಿ ಹಂಚುವ ಈಗಿನ ಕಾನೂನಿನ ಬೇರು ಕಾರ್ಖಾನೆಗಳ ನಾಡುಗಳಲ್ಲಿದೆ. ಅಮೆರಿಕೆಯ ಯೂಕ್ಲಿಡ್ ಎಂಬ ಸಣ್ಣ ಊರು ವಾಸಕ್ಕೆ, ವ್ಯಾಪಾರಕ್ಕೆ, ಕೈಗಾರಿಕೆಗೆ ಬೇರೆ ಬೇರೆ ಭೂಮಿಯನ್ನು ಗೊತ್ತುಮಾಡಿದ್ದನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1926ರಲ್ಲಿ ಎತ್ತಿಹಿಡಿಯಿತು. ಉಪದ್ರವವೆಂದರೆ ಹಲವೊಮ್ಮೆ ಕೆಟ್ಟ ವಸ್ತುವಲ್ಲ, ತಪ್ಪು ಸ್ಥಳದಲ್ಲಿರುವ ಒಳ್ಳೆಯ ವಸ್ತು ಎಂಬುದು ಆ ತೀರ್ಪಿನ ತಿರುಳು. ನಮ್ಮಲ್ಲಿ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಇದೇ ಮಾರ್ಗವನ್ನು ಹಿಡಿದಿದೆ. ಊರಿಗೆ ಮಹಾಯೋಜನೆ ಸಿದ್ಧವಾದರೆ ಪ್ರತಿಯೊಂದು ತುಂಡು ಭೂಮಿಗೂ ಒಂದು ಬಣ್ಣ. ಆ ಬಣ್ಣಕ್ಕೆ ಒಪ್ಪದ ಬಳಕೆಗೆ ಅನುಮತಿ ಬೇಕು. ಕಾಗದದ ಮೇಲೆ ಇದು ಸೊಗಸಾಗಿದೆ. ಆದರೆ ತಲೆಮಾರುಗಳಿಂದ ನೇಯುತ್ತ ಬಂದ ಓಣಿಯ ಮೇಲೆ ವಾಸದ ಬಣ್ಣ ಬಿದ್ದರೆ, ಅಲ್ಲಿಯವರು ಏನನ್ನೂ ಬದಲಿಸದೆಯೇ ಒಂದು ದಿನ ತಪ್ಪಿತಸ್ಥರಾಗುತ್ತಾರೆ.

ಈ ಕತ್ತಿ ಎಷ್ಟು ಹರಿತವೆಂಬುದನ್ನು ದೆಹಲಿ ತೋರಿಸಿತು. ವಾಸದ ಮನೆಗಳಲ್ಲಿ ನಡೆಯುವ ವ್ಯಾಪಾರಕ್ಕೆ ಬೀಗಮುದ್ರೆ ಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯ 2006ರ ಫೆಬ್ರವರಿಯಲ್ಲಿ ಆಜ್ಞಾಪಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸೀಲಂಪುರದಲ್ಲಿ ಪ್ರತಿಭಟನೆ ನಡೆದಾಗ ಗೋಲಿಬಾರಾಗಿ ಜೀವಗಳು ಹೋದವು. 2007ರಲ್ಲಿ ಹೊರಟ ಆ ನಗರದ ಮಹಾಯೋಜನೆ, ಮಿತಿಗಳನ್ನು ಹಾಕಿ, ಮನೆಯೊಳಗಿನ ಸಣ್ಣ ಉದ್ದಿಮೆಗೆ ಎಡೆಯನ್ನು ಕೊಟ್ಟಿತು. ಬೆಂಗಳೂರಿನಲ್ಲಿ ವ್ಯಾಜ್ಯ ಇದಕ್ಕೆ ವಿಲೋಮವಾಗಿ ಹುಟ್ಟಿತು. ಅಲ್ಲಿಯ ಮಹಾಯೋಜನೆ 2007ರಲ್ಲಿ ವಾಸದ ಬಡಾವಣೆಗಳಲ್ಲಿ ಮಿಶ್ರ ಬಳಕೆಗೆ ಬಾಗಿಲು ತೆರೆದುದರಿಂದ, ಹೋಟೆಲು ಮಳಿಗೆಗಳ ಹಾವಳಿಗೆ ಬೇಸತ್ತ ನಿವಾಸಿಗಳೇ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಒಂದು ಊರಿನಲ್ಲಿ ದುಡಿಯುವವನು ಅತ್ತನು, ಇನ್ನೊಂದರಲ್ಲಿ ನೆರೆಯವನು ಅತ್ತನು.

ಇಲ್ಲಿ ಮುಚ್ಚುಮರೆಯಿಲ್ಲದೆ ಒಂದು ಮಾತನ್ನು ಹೇಳಬೇಕು. ಕಸುಬನ್ನು ದೂರ ಇಡುವ ವ್ಯವಸ್ಥೆ ನಮ್ಮ ನಾಡಿನಲ್ಲಿ ಕಸುಬಿನವನನ್ನೇ ದೂರ ಇಡುವ ವ್ಯವಸ್ಥೆಯಾಗಿತ್ತು. ತೊಗಲು ಹದಮಾಡುವವನ ಮನೆ ಊರ ಹೊರಗೆ ಇದ್ದುದಕ್ಕೆ ವಾಸನೆ ಒಂದು ನೆವ ಮಾತ್ರ. ವಾಸನೆಯಿಲ್ಲದ ದಿನವೂ ಅವನನ್ನು ಒಳಗೆ ಕರೆಯಲಿಲ್ಲ. ಡೋಹರ ಕಕ್ಕಯ್ಯನವರ ಸಮಾಧಿಯಿರುವ ಕಕ್ಕೇರಿ ಕಿತ್ತೂರಿಗೆ ಬಹು ದೂರದ ಊರಲ್ಲ. ಅಲ್ಲಿ ತಲೆಬಾಗುವ ನಾವು, ನಮ್ಮ ಪಕ್ಕದ ನಿವೇಶನದಲ್ಲಿ ಯಾವ ಕಸುಬಿನವರು ಮನೆ ಕಟ್ಟಿದರೆ ತಕರಾರು ತೆಗೆಯುತ್ತೇವೆಂದು ಎದೆ ಮುಟ್ಟಿ ನೋಡಿಕೊಳ್ಳಬೇಕು. ಹೊಸ ಬಡಾವಣೆಗಳಲ್ಲಿ ವೈದ್ಯರು ಮನೆಯಲ್ಲಿಯೇ ದವಾಖಾನೆ ತೆರೆಯುತ್ತಾರೆ, ಪ್ರಾಧ್ಯಾಪಕರು ಐವತ್ತು ಹುಡುಗರಿಗೆ ಪಾಠ ಹೇಳುತ್ತಾರೆ; ಓಣಿಯ ತುಂಬ ಮೋಟಾರ್ ಸೈಕಲ್ಲುಗಳು ನಿಂತರೂ ಯಾರೂ ಸೊಲ್ಲೆತ್ತುವುದಿಲ್ಲ. ಹಿಟ್ಟಿನ ಗಿರಣಿಯವನ ಮೇಲೆ ಮಾತ್ರ ಅರ್ಜಿ ಬೀಳುತ್ತದೆ. ಕಿವಿಗೆ ಬೀಳುವ ಸಪ್ಪಳವನ್ನು ಅಳೆಯುವ ಮೊದಲು ನಾವು ಸಪ್ಪಳ ಮಾಡುವವನ ಅಂತಸ್ತನ್ನು ಅಳೆಯುತ್ತೇವೆ.

ಆದರೆ ನಮ್ಮ ಮಾಸ್ತರರ ದೂರಿನಲ್ಲಿ ಈ ದೋಷವಿರಲಿಲ್ಲ. ಮೂವತ್ತು ವರ್ಷ ಕುಣಿಮಗ್ಗದ ಸಪ್ಪಳವನ್ನು ಅವರು ಕೇಳಿಯೇ ಇದ್ದರು. ಆ ಲಾಳಿಯ ತಾಳಕ್ಕೆ ಮಕ್ಕಳನ್ನು ಮಲಗಿಸಿದ್ದೂ ಉಂಟೆಂದು ಮುಂದೆ ಹೇಳಿದರು. ಬದಲಾದುದು ನೆರೆಯವರ ಮನಸ್ಸಲ್ಲ, ಕಾಯಕದ ಸ್ವರೂಪ. ಕೈಮಗ್ಗಕ್ಕೆ ನೇಯುವವನ ತೋಳೇ ಮಿತಿ. ತೋಳು ದಣಿದರೆ ಮಗ್ಗವೂ ಮಲಗುತ್ತದೆ. ವಿದ್ಯುತ್ತಿಗೆ ದಣಿವೆಂಬುದಿಲ್ಲ. ಅದರ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಬಡಿಯುತ್ತದೆ, ಮಗ್ಗದ ಬದಿಯಲ್ಲಿ ಶಬ್ದ 90 ಡೆಸಿಬೆಲ್ ದಾಟುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಇರಬೇಕಾದುದು ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಈ ಅಳತೆಯಲ್ಲಿ ಹತ್ತು ಏರಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟಾಯಿತೆಂದು ಅರ್ಥ. ಅಂದಮೇಲೆ, ಅಜ್ಜನಿಂದ ಬಂದ ಕಸುಬು ಎಂಬ ಮಾತು ಕಸುಬಿನ ಮಟ್ಟಿಗೆ ಸತ್ಯ, ಸಪ್ಪಳದ ಮಟ್ಟಿಗೆ ಅಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ನಾವು ದಾಸಿಮಯ್ಯನವರನ್ನು ಸಾಕ್ಷಿಗೆ ಕರೆದುದು ಅನುಚಿತವಾಯಿತು.

ಕರೆಯಬೇಕಾದ ಸಾಕ್ಷಿ ಬೇರೆಯೇ ಇದ್ದರು. ಆಯ್ದಕ್ಕಿ ಮಾರಯ್ಯನವರ ಕಥೆ ಓದುಗರಿಗೆಲ್ಲ ತಿಳಿದದ್ದೇ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಹೆಚ್ಚಾದುದನ್ನು ಮರಳಿ ಸುರಿದು ಬನ್ನಿರೆಂದು ಗಂಡನನ್ನು ಕಳುಹಿಸಿದರು. ಅಕ್ಕಿ ಕದ್ದದ್ದಲ್ಲ, ದುಡಿದು ತಂದದ್ದೇ. ಆದರೂ ಅದು ತಮ್ಮ ಪಾಲಿನದಲ್ಲವೆಂದು ಆ ತಾಯಿಗೆ ಕಂಡಿತು. ಕಾಯಕಕ್ಕೆ ಶುದ್ಧಿ ಬೇಕೆಂಬುದನ್ನು ನಾವು ಹೇಳುತ್ತೇವೆ, ಅಳತೆ ಬೇಕೆಂಬುದನ್ನು ಮರೆಯುತ್ತೇವೆ. ಗೋಡೆಯ ಆಚೆಯವರ ನಿದ್ರೆ ನೇಕಾರರ ಬಂಡವಾಳದ ಲೆಕ್ಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಆದರೂ ಪ್ರತಿಯೊಂದು ಸೀರೆಯಲ್ಲಿ ಅದರ ಒಂದು ಎಳೆ ಸೇರುತ್ತಲೇ ಇತ್ತು. ಕೊಟ್ಟವರನ್ನು ಕೇಳದೆ ತೆಗೆದುಕೊಂಡ ಎಳೆ ಅದು.

ಹಾಗಾದರೆ ನಷ್ಟವನ್ನೆಲ್ಲ ನೇಕಾರನೇ ಹೊರಬೇಕೆ? ಇದೂ ಸಲ್ಲದು. ನೂಲು ಕೊಡುವ ಮಾಲೀಕ ಬೇರೆ, ಸೀರೆ ಉಡುವವರು ಬೇರೆ, ಹಗಲು ಕರೆಂಟು ತಪ್ಪಿಸುವವರು ಬೇರೆ; ಬೈಗುಳ ಕೇಳುವವನು ಮಾತ್ರ ಇವನೊಬ್ಬನೇ. ಕಾನೂನಿಗೆ ಇಷ್ಟು ದೂರ ಕಣ್ಣು ಹಾಯುವುದಿಲ್ಲ. ಸಮುದಾಯದ ನೆಮ್ಮದಿಗೆ ಭಂಗ ತರುವ ಉದ್ಯೋಗವನ್ನು ದಂಡಾಧಿಕಾರಿಗಳು ತಡೆಯಬಹುದೆಂದು 2023ರ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮು ಹೇಳುತ್ತದೆ, ಹಳೆಯ ಸಂಹಿತೆಯ 133ನೆಯ ಕಲಮಿನಲ್ಲಿಯೂ ಇದೇ ಇತ್ತು. ತಡೆದ ಮೇಲೆ ಆ ಮನೆಯ ಒಲೆ ಹೇಗೆ ಉರಿಯಬೇಕೆಂಬುದು ಆ ಕಲಮಿನ ವಿಷಯವಲ್ಲ. ಒಬ್ಬ ನೆರೆಯವನ ಸಂಕಟಕ್ಕಂತೂ ದಿವಾಣಿ ನ್ಯಾಯಾಲಯವೇ ಗತಿ; ಅಲ್ಲಿ ತೀರ್ಪು ಬರುವ ಹೊತ್ತಿಗೆ ಗೋಡೆಯೇ ಬಿದ್ದಿರುತ್ತದೆ.

ಹತ್ತು ದಿನಗಳ ತರುವಾಯ ನಾವು ಹೇಳಿಕಳುಹಿಸಿ ಮಾಸ್ತರರ ಮನೆಗೆ ಹೋದೆವು. ರಾತ್ರಿ ಹನ್ನೊಂದರವರೆಗೆ ಆ ಗೋಡೆಯ ಪಕ್ಕದಲ್ಲಿ ಕುಳಿತೆವು. ಸಪ್ಪಳಕ್ಕಿಂತ ಹೆಚ್ಚಾಗಿ ನಡುಕ ನೆಲದಿಂದ ಬರುತ್ತಿತ್ತು. ನಿಲುವಿನ ಮೇಲಿನ ತಂಬಿಗೆ ಸಣ್ಣಗೆ ನಾದ ಕೊಡುತ್ತಿತ್ತು. ಹಾಸಿಗೆಯಲ್ಲಿದ್ದ ತಾಯಿ ಮೆಲ್ಲಗೆ ನಕ್ಕು, "ಶ್ರಾವಣದಾಗ ಮಠದ ಪುರಾಣದ ಮೈಕೂ ಹಿಂಗ ರೀ ಅಪ್ಪಾರ" ಎಂದರು. ಮಾಸ್ತರರು ಗದರಿಸಿದರು. ಆ ತಾಯಿ ಹೇಳಿದ್ದು ನಿಜ. ಮಠದ ಧ್ವನಿವರ್ಧಕಕ್ಕೂ ಹತ್ತು ಗಂಟೆಯ ನಿಯಮ ಅನ್ವಯಿಸುತ್ತದೆ, ಈ ವರ್ಷದಿಂದ ಒಂಬತ್ತೂವರೆಗೆ ಅದು ನಿಂತಿದೆ.

ಆ ರಾತ್ರಿಯೇ ನೇಕಾರರನ್ನೂ ಅವರ ಮನೆಯವರನ್ನೂ ಕರೆಸಿ ಮಾತನಾಡಿದೆವು. ಮಗ್ಗಗಳನ್ನು ಆಚೆಯ ಬದಿಗೆ ಸರಿಸಿ ಕಾಲುಗಳ ಕೆಳಗೆ ರಬ್ಬರಿನ ದಪ್ಪ ಹಾಸು ಹಾಕುವುದು, ಹತ್ತರ ಮೇಲೆ ನೇಯದಿರುವುದು, ಹಗಲಿನ ಸಪ್ಪಳದ ಬಗ್ಗೆ ಮಾಸ್ತರರು ತಕರಾರು ತೆಗೆಯದಿರುವುದು ಎಂದು ಗೊತ್ತಾಯಿತು. ಸರಿಸುವ ಖರ್ಚಿನಲ್ಲಿ ಅರ್ಧವನ್ನು ತಾವು ಕೊಡುವುದಾಗಿ ಮಾಸ್ತರರು ಹೇಳಿದರು. "ನಿಮ್ಮ ರೊಕ್ಕಾ ನಾ ಹ್ಯಾಂಗ ತಗೋಳಲಿ, ಗುರುಗಳ, ನನಗ ಅಕ್ಷರ ಕಲಿಸಿದವರು ನೀವು" ಎಂದು ನೇಕಾರರು ಸಂಕೋಚಪಟ್ಟರು. ಕೊನೆಗೆ ತೆಗೆದುಕೊಂಡರು. ತೆಗೆದುಕೊಂಡದ್ದೇ ಒಳ್ಳೆಯದಾಯಿತೆಂದು ನಮ್ಮ ಅಭಿಪ್ರಾಯ; ಒಪ್ಪಂದದ ಭಾರ ಆಗ ಎರಡೂ ಹೆಗಲಿಗೆ ಬಿತ್ತು.

ಈಗ ಲಗ್ನಸರಾಯಿಯ ಬೇಡಿಕೆ ಬಂದಿದೆ. ಒಂದು ತಿಂಗಳ ಮಟ್ಟಿಗೆ ಹನ್ನೊಂದರವರೆಗೆ ನೇಯಲು ಅನುಮತಿ ಬೇಕೆಂದು ನೇಕಾರರು ಕೇಳಿದ್ದಾರೆಂದು ಮೊನ್ನೆ ತಿಳಿಯಿತು. ಮಠಕ್ಕೆ ಬಂದು ಕೇಳಲಿಲ್ಲ. ನೇರವಾಗಿ ಮಾಸ್ತರರ ಬಾಗಿಲಿಗೆ ಹೋಗಿ ಕಟ್ಟೆಯ ಮೇಲೆ ಕುಳಿತು ಕೇಳಿದರಂತೆ. ಮಾಸ್ತರರು ಏನು ಉತ್ತರ ಕೊಟ್ಟರೆಂದು ನಾವು ವಿಚಾರಿಸಲು ಹೋಗಿಲ್ಲ.