ಅರ್ಧಕ್ಕೆ ನಿಂತ ರಜೆ

ರಜೆಯನ್ನು ಅರ್ಧಕ್ಕೆ ಮುಗಿಸಿ ಮನೆಗೆ ಮರಳುವುದು ತ್ಯಾಗವೇ? ಸದಾ ಹಾಗಲ್ಲ. ‘ನಾನಿಲ್ಲದೆ ಏನೂ ನಡೆಯದು’ ಎಂಬ ಅಹಂಕಾರವೂ ನಮ್ಮನ್ನು ಹಿಂದಕ್ಕೆಳೆಯಬಲ್ಲದು. ವಿಶ್ರಾಂತಿ ಸೋಮಾರಿತನವಲ್ಲ, ಗಂಭೀರ ಅಡ್ಡಿಯಿಲ್ಲದಿದ್ದರೆ ಧರ್ಮಕೇಂದ್ರದ ಗುರುವಿಗೂ ವರ್ಷಕ್ಕೊಂದು ತಿಂಗಳವರೆಗೆ ರಜೆಯನ್ನು ಧರ್ಮಸಭೆಯ 1983ರ ಕಾನೂನು ಸಂಹಿತೆಯೇ (ವಿಧಿ 533) ಅನುಮತಿಸುತ್ತದೆ.

ಮಾರ್ಕನ ಶುಭಸಂದೇಶದ 6ನೇ ಅಧ್ಯಾಯವನ್ನು ಗಮನಿಸಿರಿ. ಊಟಕ್ಕೂ ಬಿಡುವಿಲ್ಲದಿದ್ದ ಪ್ರೇಷಿತರನ್ನು ಯೇಸುಸ್ವಾಮಿ ವಿಶ್ರಾಂತಿಗೆಂದು ಏಕಾಂತ ಸ್ಥಳಕ್ಕೆ ಕರೆದೊಯ್ದರು. ದೋಣಿ ದಡ ಸೇರುವ ಮೊದಲೇ ಜನಸಮೂಹ ಅಲ್ಲಿ ನೆರೆದಿತ್ತು. ಪ್ರಭುವಿನ ಮನ ಕರಗಿತು. ವಿಶ್ರಾಂತಿ ಅಲ್ಲಿಗೇ ನಿಂತಿತು. ಆದರೆ ಅಂದೇ ಜನರನ್ನು ಬೀಳ್ಕೊಟ್ಟು, ಅವರು ಪ್ರಾರ್ಥಿಸಲು ಬೆಟ್ಟವನ್ನೇರಿದರು.

ಊರಿನಿಂದ ಕರೆ ಬಂದಾಗ ನೀವೂ ಕೇಳಿಕೊಳ್ಳಿರಿ: ನನ್ನನ್ನು ಕರೆಯುತ್ತಿರುವುದು ಹಾಸಿಗೆ ಹಿಡಿದ ತಾಯಿಯೋ, ನನ್ನದೇ ಆತಂಕವೋ? ತಾಯಿಯಾದರೆ ಇಂದೇ ಹೊರಡಿರಿ. ಕೈಬಿಟ್ಟ ರಜೆಯ ಲೆಕ್ಕವನ್ನು ಆಕೆಯ ಮುಂದೆ ಒಪ್ಪಿಸಬೇಡಿರಿ. ಆತಂಕವಾದರೆ, ಮನೆಯನ್ನು ದೇವರ ಕೈಗೊಪ್ಪಿಸಿ ಉಳಿಯಿರಿ; ಅದೂ ವಿಶ್ವಾಸವೇ.