ಓಮೆರ್ ಅಳತೆ ಎಲ್ಲಿವರೆಗೆ?

ಓದುವ ಭಾಗ: ವಿಮೋಚನಕಾಂಡ 16:13-36, ಯೆಹೋಶುವ 5:10-12

ಬೈಬಲ್ ತಂದಿರೋರು ವಿಮೋಚನಕಾಂಡ 16 ತೆಗೀರಿ, ಅಲ್ಲೊಂದು ಬೆರಳು ಇಟ್ಕೊಂಡು ಯೆಹೋಶುವ 5 ಕೂಡ ತೆಗೀರಿ. ಫೋನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ.

ಯೌವನಸ್ಥರ ಕೂಟದಲ್ಲಿ ಪ್ರಶ್ನೆ ಪೆಟ್ಟಿಗೆ ಇಡ್ತೀವಲ್ಲ, ಅದರಲ್ಲಿ ಈ ಸಲ ಒಂದು ಚೀಟಿ ಬಂದಿತ್ತು. ಹೆಸರು ಬರೆದಿರಲಿಲ್ಲ. "ಬ್ರದರ್, ಆ್ಯಪಲ್ಲಿ ದಿನಾ ಊಟ ಬರೆದಿಟ್ಟು 16 ಕಿಲೋ ಇಳಿಸಿದೆ. ಡಾಕ್ಟರ್ ಹೇಳಿದ ತೂಕಕ್ಕೆ ಬಂದು ಒಂದು ವರ್ಷ ಆಯ್ತು. ಆದ್ರೂ ಬರೆಯೋದು ನಿಲ್ಲಿಸೋಕೆ ಧೈರ್ಯ ಬರ್ತಿಲ್ಲ. ಜೀವನಪೂರ್ತಿ ಹೀಗೇ ಲೆಕ್ಕ ಇಡಬೇಕಾ? ನಿಲ್ಲಿಸಿದ್ರೆ ಶಿಸ್ತು ಇಲ್ಲ ಅಂತ ಆಗುತ್ತಾ? ನಿಲ್ಲಿಸದೇ ಇದ್ರೆ ನಂಬಿಕೆ ಇಲ್ಲ ಅಂತ ಆಗುತ್ತಾ?"

ಇದು ಸಭೆಯಲ್ಲಿ ಮಾತಾಡೋ ವಿಷಯಾನಾ ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮಲ್ಲಿ ಬಹಳ ಜನ ಕೂತು ಮಾಡೋ ಕೆಲಸದವರು. 2023ರಲ್ಲಿ ಐಸಿಎಂಆರ್ ಪ್ರಕಟಿಸಿದ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಊಟ ಬರೆದಿಡೋ ಆ್ಯಪ್‌ಗಳು ನಮಗೆ ಹೊರಗಿನ ವಿಷಯ ಅಲ್ಲ. ಹೆಲ್ದಿಫೈಮಿ 2012ರಲ್ಲಿ ಶುರುವಾದದ್ದೇ ಇದೇ ಬೆಂಗಳೂರಲ್ಲಿ. ದೇಹ ಪವಿತ್ರಾತ್ಮನ ಆಲಯ ಅಂತ ನಂಬೋ ನಾವು ಈ ಪ್ರಶ್ನೆಗೆ ದೇವರ ವಾಕ್ಯದಿಂದಲೇ ಉತ್ತರ ಹುಡುಕಬೇಕು.

ಮೊದಲನೆಯ ಮಾತು: ಅಳೆಯೋದು ಅಪನಂಬಿಕೆ ಅಲ್ಲ.

ವಿಮೋಚನಕಾಂಡ 16ರಲ್ಲಿ ಇಸ್ರಾಯೇಲ್ಯರು ಐಗುಪ್ತದಿಂದ ಹೊರಗೆ ಬಂದಿದ್ದಾರೆ. ದೇಹ ಹೊರಗೆ ಬಂದಿದೆ, ನಾಲಿಗೆ ಇನ್ನೂ ಐಗುಪ್ತದಲ್ಲೇ ಇದೆ. ಅಲ್ಲಿನ ಮಾಂಸದ ಪಾತ್ರೆಗಳನ್ನ ನೆನೆಸ್ಕೊಂಡು ಗೊಣಗ್ತಾರೆ. ಆಗ ದೇವರು ಮನ್ನ ಕೊಟ್ರು. ಅದರ ಜೊತೆಗೆ ಅಳತೇನೂ ಕೊಟ್ರು: ತಲೆಗೆ ಒಂದು ಓಮೆರ್. ಇವತ್ತಿನ ಲೆಕ್ಕದಲ್ಲಿ ಸುಮಾರು ಎರಡು ಲೀಟರ್ ಹಿಡಿಯೋ ಪಾತ್ರೆ. ಹೆಚ್ಚು ಕೂಡಿಸಿದವನಿಗೆ ಮಿಕ್ಕಲಿಲ್ಲ, ಕಡಿಮೆ ಕೂಡಿಸಿದವನಿಗೆ ಸಾಲದೆ ಬರಲಿಲ್ಲ. ನಾಳೆಗೆ ಇರಲಿ ಅಂತ ಎತ್ತಿಟ್ಟದ್ದು ಹುಳ ಬಿದ್ದು ನಾತ ಹೊಡೀತು.

ಇದು ಡಯಟ್ ಪ್ಲಾನ್ ಅಲ್ಲ, ತಪ್ಪು ತಿಳ್ಕೋಬೇಡಿ. ದಿನದಿನದ ಆಹಾರಕ್ಕೆ ದೇವರ ಮೇಲೆ ಭಾರ ಹಾಕೋದನ್ನ ಕಲಿಸೋ ಪಾಠ ಇದು. ಆದರೆ ಒಂದು ಮಾತಂತೂ ಸ್ಪಷ್ಟ. ದೇವರ ಕೈಯಿಂದ ಬಂದ ಊಟವನ್ನೇ ಅವರು ಅಳೆದು ತಿಂದ್ರು, ಆ ಅಳತೆ ಅವರ ನಂಬಿಕೆಗೆ ಅಡ್ಡಿ ಆಗಲಿಲ್ಲ. ಹಾಗಾಗಿ ಯಾರಾದ್ರೂ ನಿಮಗೆ "ನಂಬಿಕೆ ಇದ್ರೆ ಆ್ಯಪ್ ಯಾಕೆ, ಪ್ರಾರ್ಥನೆ ಮಾಡಿ ತಿನ್ನು" ಅಂದ್ರೆ, ಪ್ರೀತಿಯಿಂದ ವಿಮೋಚನಕಾಂಡ 16 ತೋರಿಸಿ.

ಅಳತೆಯಿಂದ ನಾವು ಕಲಿತದ್ದೂ ಕಮ್ಮಿ ಏನಲ್ಲ. ಒಂದು ಟೇಬಲ್ ಸ್ಪೂನ್ ಎಣ್ಣೇಲಿ ಸುಮಾರು 120 ಕ್ಯಾಲೊರಿ ಇದೆ ಅಂತ ಬರೆದು ನೋಡೋವರೆಗೂ ಎಷ್ಟು ಜನಕ್ಕೆ ಗೊತ್ತಿತ್ತು? ಸಂಜೆ ಟೀ ಜೊತೆ ತಿನ್ನೋ ಬಜ್ಜಿ, ಆಫೀಸಲ್ಲಿ ಯಾರದೋ ಬರ್ತ್‌ಡೇ ಕೇಕು, ಇವೆಲ್ಲ ನಮ್ಮ ನೆನಪಲ್ಲಿ ಉಳಿಯೋದೇ ಇಲ್ಲ. ಅಮೆರಿಕದಲ್ಲಿ 1992ರಲ್ಲಿ ಒಂದು ಅಧ್ಯಯನ ಪ್ರಕಟವಾಯ್ತು. "ಎಷ್ಟು ಕಡಿಮೆ ತಿಂದ್ರೂ ತೂಕ ಇಳೀತಿಲ್ಲ" ಅಂತಿದ್ದೋರನ್ನ ಪರೀಕ್ಷೆ ಮಾಡಿದಾಗ, ಅವರು ಹೇಳಿದ ಲೆಕ್ಕ ನಿಜವಾಗಿ ತಿಂದದ್ದಕ್ಕಿಂತ ಸರಾಸರಿ 47 ಶೇಕಡಾ ಕಡಿಮೆ ಇತ್ತು. ಅವರು ಬೇಕಂತ ಸುಳ್ಳು ಹೇಳಿದ್ರು ಅಂತಲ್ಲ. ಮನುಷ್ಯನ ಕಣ್ಣಳತೆಯೇ ಹಾಗೆ. ಬರೆದಿಡೋದು ಆ ಕಣ್ಣನ್ನ ತಿದ್ದುತ್ತೆ.

ಎರಡನೆಯ ಮಾತು: ಅರಣ್ಯದ ಕಾಲ ಮುಗಿಯೋಕೆ ಮುಂಚೆ ಅವಸರ ಬೇಡ.

ಮನ್ನ ಒಂದು ವಾರದ ಕೋರ್ಸ್ ಆಗಿರಲಿಲ್ಲ. 40 ವರ್ಷ! ಐಗುಪ್ತದಿಂದ ಹೊರಗೆ ಬರೋಕೆ ಒಂದು ರಾತ್ರಿ ಸಾಕಾಯ್ತು, ಐಗುಪ್ತ ಅವರೊಳಗಿಂದ ಹೊರಗೆ ಹೋಗೋಕೆ ಕಾಲ ಹಿಡೀತು.

ದೇಹಕ್ಕೂ ಹಾಗೆ ಒಂದು ಅರಣ್ಯದ ಕಾಲ ಇದೆ. 2011ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, 50 ಜನಕ್ಕೆ 10 ವಾರ ಬಹಳ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ತೂಕ ಇಳಿಸಿದ್ರು. ಒಂದು ವರ್ಷ ಕಳೆದ ಮೇಲೆ ರಕ್ತ ಪರೀಕ್ಷೆ ಮಾಡಿದ್ರೆ, ಹಸಿವು ಹೆಚ್ಚಿಸೋ ಗ್ರೆಲಿನ್ ಇನ್ನೂ ಮೇಲೇ ಇತ್ತು, ದೇಹದಲ್ಲಿ ಸಾಕಷ್ಟು ಕೊಬ್ಬಿದೆ ಅಂತ ಮೆದುಳಿಗೆ ತಿಳಿಸೋ ಲೆಪ್ಟಿನ್ ಇನ್ನೂ ಕೆಳಗೇ ಇತ್ತು. ಅಂದ್ರೆ ತೂಕ ಇಳಿಸಿದ ಮೇಲೆ ನಿಮಗೆ ಜಾಸ್ತಿ ಹಸಿವಾಗೋದು ನಿಮ್ಮ ಆತ್ಮಿಕ ಬಲಹೀನತೆ ಅಲ್ಲ. ಕಳ್ಕೊಂಡದ್ದನ್ನ ವಾಪಸ್ ತರೋಕೆ ದೇಹ ಒದ್ದಾಡ್ತಿದೆ, ಅಷ್ಟೇ.

ಅದಕ್ಕೇ, ಗುರಿ ಮುಟ್ಟಿದ ಮಾರನೇ ದಿನವೇ ಎಲ್ಲಾ ಬಿಟ್ಟುಬಿಡಿ ಅಂತ ನಾನು ಹೇಳಲ್ಲ. ಅಮೆರಿಕದಲ್ಲಿ 1994ರಿಂದ ಒಂದು ನೋಂದಣಿ ನಡೀತಾ ಬಂದಿದೆ. ಕನಿಷ್ಠ ಸುಮಾರು 13.6 ಕಿಲೋ ಇಳಿಸಿ, ಕನಿಷ್ಠ ಒಂದು ವರ್ಷ ಹಾಗೇ ಉಳಿಸ್ಕೊಂಡಿರೋರ ಪಟ್ಟಿ ಅದು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ವಾರಕ್ಕೆ ಒಂದು ಸಲವಾದ್ರೂ ತೂಕ ನೋಡ್ಕೊಳ್ತಾರೆ. ಬಹುತೇಕ ಎಲ್ಲರೂ ವ್ಯಾಯಾಮ ಮಾಡ್ತಾರೆ, ಸರಾಸರಿ ದಿನಕ್ಕೆ ಒಂದು ಗಂಟೆ. ತಾವಾಗಿಯೇ ಹೆಸರು ಕೊಟ್ಟೋರು ಇವರು, ಎಲ್ಲರಿಗೂ ಇದೇ ನಿಯಮ ಅಂತ ಹೇಳೋಕಾಗಲ್ಲ. ಆದರೂ ಒಂದು ವಿಷಯ ಕಾಣುತ್ತೆ: ಉಳಿಸ್ಕೊಂಡೋರು ಯಾವುದೋ ಒಂದು ರೀತೀಲಿ ಎಚ್ಚರವಾಗಿದ್ದಾರೆ.

ಮೂರನೆಯ ಮಾತು: ಮನ್ನ ನಿಂತ ದಿನ ಒಂದಿತ್ತು.

ಈಗ ಯೆಹೋಶುವ 5. ಯೊರ್ದನ್ ದಾಟಿದ್ರು, ಗಿಲ್ಗಾಲಿನಲ್ಲಿ ಪಸ್ಕ ಆಚರಿಸಿದ್ರು, ಮಾರನೇ ದಿನ ಆ ದೇಶದ ಬೆಳೆ ತಿಂದ್ರು. ಅದಾದ ಮೇಲೆ ಮನ್ನ ನಿಂತುಹೋಯ್ತು. ಯಾರೂ ಪಾಪ ಮಾಡಿದ್ದಕ್ಕೆ ನಿಂತದ್ದಲ್ಲ. ಕೆಲಸ ಮುಗೀತು, ಅದಕ್ಕೆ ನಿಂತಿತು.

ಒಂದು ಕ್ಷಣ ಯೋಚನೆ ಮಾಡಿ. ಅರಣ್ಯದಲ್ಲೇ ಹುಟ್ಟಿ ಬೆಳೆದ ಹುಡುಗನಿಗೆ ಬುದ್ಧಿ ಬಂದಾಗಿಂದ ಓಮೆರ್ ಬಿಟ್ಟು ಬೇರೆ ಊಟ ಗೊತ್ತಿಲ್ಲ. ಬೆಳಗ್ಗೆ ಎದ್ದು ಗುಡಾರದ ಹೊರಗೆ ನೋಡ್ತಾನೆ, ನೆಲದ ಮೇಲೆ ಏನೂ ಇಲ್ಲ. ಭಯ ಆಗಿರಲ್ವಾ? ಚೀಟಿ ಬರೆದವರ ಭಯ ಅದೇ. "ಅಳತೆ ಇಲ್ಲದಿದ್ರೆ ನಾನು ಹೇಗೆ ತಿನ್ನಲಿ?"

ಇಲ್ಲಿ ಗಮನಿಸಿ: ಮನ್ನ ನಿಂತ ಮೇಲೆ ಅವರ ಜವಾಬ್ದಾರಿ ಕಡಿಮೆ ಆಗಲಿಲ್ಲ, ಹೆಚ್ಚಾಯ್ತು. ಉಳಬೇಕು, ಬಿತ್ತಬೇಕು, ಪ್ರಥಮ ಫಲ ಎತ್ತಿಡಬೇಕು. ಧರ್ಮೋಪದೇಶಕಾಂಡ 8ರಲ್ಲಿ ಮೋಶೆ ಮೊದಲೇ ಎಚ್ಚರಿಸಿದ್ದ, ಹೊಟ್ಟೆ ತುಂಬಿದಾಗಲೇ ದೇವರನ್ನ ಮರೆಯೋ ಅಪಾಯ ಜಾಸ್ತಿ ಅಂತ. ಅಳತೆ ಬಿಡೋದು ಅಂದ್ರೆ ಅಡ್ಡಾದಿಡ್ಡಿ ತಿನ್ನೋದಲ್ಲ. ಹೊರಗಿದ್ದ ಅಳತೆ ಒಳಗೆ ಬರಬೇಕು. ಗಲಾತ್ಯ 5ರಲ್ಲಿ ಆತ್ಮನ ಫಲಗಳ ಸಾಲಿನಲ್ಲಿ ಶಮೆದಮೆ ಇದೆಯಲ್ಲ, ಅದು ಇದೇ. ಫಲ ಒಂದೇ ದಿನಕ್ಕೆ ಬರಲ್ಲ, ಆದರೆ ಬಂದ ಮೇಲೆ ಮರದಲ್ಲಿ ಕಾಣಬೇಕು.

ಇನ್ನೊಂದು ಚೆಂದದ ವಿಷಯ. ವಿಮೋಚನಕಾಂಡ 16ರ ಕೊನೇಲಿ, ಒಂದು ಓಮೆರ್ ಮನ್ನವನ್ನ ಪಾತ್ರೆಯಲ್ಲಿ ತುಂಬಿ ಮುಂದಿನ ತಲೆಮಾರಿಗೆ ಇಡೋಕೆ ದೇವರು ಹೇಳ್ತಾರೆ. ಕಾನಾನಿಗೆ ಬಂದ ಮೇಲೆ ದಿನಾ ಅಳೆಯಲಿಲ್ಲ, ಆದರೆ ಪಾತ್ರೆ ಉಳೀತು. ನೆನಪಿಗೆ. ನಿಮಗೂ ಒಂದು ಪಾತ್ರೆ ಇರಲಿ.

ನಾಲ್ಕನೆಯ ಮಾತು: ವಾಸಿ ಮಾಡಿದ್ದೇ ವಿಗ್ರಹ ಆಗಬಹುದು.

ಅರಣ್ಯಕಾಂಡ 21ರಲ್ಲಿ ಮೋಶೆ ತಾಮ್ರದ ಸರ್ಪ ಮಾಡಿದ. ದೇವರೇ ಹೇಳಿದ್ದು. ನೋಡಿದವರು ಬದುಕಿದ್ರು. ಯೋಹಾನ 3ರಲ್ಲಿ ಯೇಸು ಸ್ವಾಮಿ ತನ್ನ ಶಿಲುಬೆಗೆ ಅದನ್ನೇ ಹೋಲಿಕೆ ಕೊಡ್ತಾರೆ. ಅಷ್ಟು ಒಳ್ಳೇದು. ಆದರೆ ಅರಸುಗಳು ಎರಡನೆಯ ಭಾಗ 18ಕ್ಕೆ ಬನ್ನಿ. ನೂರಾರು ವರ್ಷ ಆದ ಮೇಲೆ ಜನ ಅದರ ಮುಂದೆ ಧೂಪ ಹಾಕ್ತಿದ್ದಾರೆ. ಹಿಜ್ಕೀಯ ಅರಸ ಅದನ್ನ ಒಡೆದು ಚೂರು ಮಾಡಿದ. ಸರ್ಪ ಬದಲಾಗಿರಲಿಲ್ಲ, ಜನರ ಹೃದಯ ಬದಲಾಗಿತ್ತು.

ಆ್ಯಪ್ ಧೂಪ ಕೇಳಲ್ಲ, ಸ್ಟ್ರೀಕ್ ಕೇಳುತ್ತೆ. 400 ದಿನ ಬಿಡದೆ ಬರೆದಿದ್ದೀನಿ, ಒಂದು ದಿನ ತಪ್ಪಿದ್ರೆ ಎದೆ ಹೊಡ್ಕೊಳ್ಳುತ್ತೆ. ಕ್ರಿಸ್ಮಸ್‌ಗೆ ಊರಿಗೆ ಹೋಗಿದ್ದೀರಿ, ಅಮ್ಮ ಬಡಿಸ್ತಿದ್ದಾರೆ, ನಿಮ್ಮ ಕಣ್ಣು ಅಮ್ಮನ ಮುಖದ ಮೇಲಿಲ್ಲ, ಚಮಚದಲ್ಲಿರೋ ತುಪ್ಪದ ಮೇಲಿದೆ. ಸಭೆಯ ಪ್ರೀತಿ ಭೋಜನ ಇದ್ರೆ ಲೆಕ್ಕ ಸಿಗಲ್ಲ ಅಂತ ಆರಾಧನೆ ಮುಗಿದ ತಕ್ಷಣ ಹೊರಟುಬಿಡ್ತೀರಿ. ಇನ್ನೂ ಸೂಕ್ಷ್ಮವಾದದ್ದು ಹೇಳ್ತೀನಿ: ಶನಿವಾರ ಬಿರಿಯಾನಿ ತಿಂದದ್ದಕ್ಕೆ ಸೋಮವಾರ "ಉಪವಾಸ ಪ್ರಾರ್ಥನೆ". ಪ್ರಿಯರೇ, ಉಪವಾಸ ದೇವರ ಮುಖ ಹುಡುಕೋಕೆ ಇರೋದು. ಕ್ಯಾಲೊರಿ ಸಾಲ ತೀರಿಸೋಕಲ್ಲ.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ 6ನೇ ಅಧ್ಯಾಯದಲ್ಲಿ ಪೌಲ ಹೇಳೋ ತಾತ್ಪರ್ಯ ಇದು: ಒಂದು ಕೆಲಸ ಮಾಡೋ ಹಕ್ಕು ನನಗಿರಬಹುದು, ಆದರೆ ಅದು ನನ್ನನ್ನ ಆಳೋಕೆ ನಾನು ಬಿಡಲ್ಲ. ಬಿರಿಯಾನಿ ಆಳಬಾರದು, ನಿಜ. ಆ್ಯಪ್ ಕೂಡ ಆಳಬಾರದು. ಒಬ್ಬ ಯಜಮಾನನ್ನ ಬಿಟ್ಟು ಇನ್ನೊಬ್ಬ ಯಜಮಾನನ ಕೈಗೆ ಸಿಕ್ಕೋದು ಬಿಡುಗಡೆ ಅಲ್ಲ.

ಹಾಗಾದ್ರೆ ಏನು ಮಾಡೋದು? ನೇರವಾಗಿ ಹೇಳ್ತೀನಿ.

ಇನ್ಸುಲಿನ್ ತಗೊಳ್ಳೋರು, ಕಿಡ್ನಿ ಸಮಸ್ಯೆ ಇರೋರು, ಡಾಕ್ಟರ್ ಲೆಕ್ಕ ಇಡಿ ಅಂತ ಹೇಳಿರೋರು, ಮುಂದುವರಿಸಿ. ಅದು ನಿಮಗೆ ಔಷಧಿ ಇದ್ದ ಹಾಗೆ. ಜೀವನಪೂರ್ತಿ ಬೇಕಾದ್ರೂ ಅದರಲ್ಲಿ ನಾಚಿಕೆ ಇಲ್ಲ. ಡಾಕ್ಟರನ್ನ ಕೇಳದೆ, ನನ್ನ ಪ್ರಸಂಗ ಕೇಳಿ ಏನನ್ನೂ ನಿಲ್ಲಿಸಬೇಡಿ.

ಬೇರೆಯವರು ಮೂರು ಪ್ರಶ್ನೆ ಕೇಳ್ಕೊಳ್ಳಿ. ಒಂದು ದಿನ ಬರೆಯದಿದ್ರೆ ನನಗೆ ಸಮಾಧಾನ ಇರುತ್ತಾ? ಬೇರೆಯವರ ಜೊತೆ ಕೂತು ಖುಷಿಯಾಗಿ, ಸ್ತೋತ್ರ ಹೇಳಿ ತಿನ್ನೋಕಾಗುತ್ತಾ? ಬರೆಯೋದ್ರಿಂದ ಇನ್ನೂ ಏನಾದ್ರೂ ಹೊಸದು ಕಲೀತಿದ್ದೀನಾ, ಅಥವಾ ಗೊತ್ತಿರೋ ಎರಡು ಚಪಾತೀನೇ ದಿನಾ ಬರೀತಿದ್ದೀನಾ? ಸಮಾಧಾನ ಇದೆ, ಎರಡು ನಿಮಿಷದ ಕೆಲಸ, ಯಾರಿಗೂ ತೊಂದರೆ ಇಲ್ಲ ಅನ್ನೋರು ಬೇಕಿದ್ರೆ ಮುಂದುವರಿಸಲಿ. ಇನ್ನೊಬ್ಬರು ಅವರನ್ನ ತೀರ್ಪು ಮಾಡೋದು ಬೇಡ.

ಭಯದಿಂದ ಬರೀತಿದ್ದೀನಿ ಅನ್ನೋರು ನಿಧಾನಕ್ಕೆ ಬಿಡಿ. ಮೊದಲು ಭಾನುವಾರ ಒಂದು ದಿನ ಬಿಡಿ. ಆಮೇಲೆ ದಿನಾ ಮಾಡೋ ತಿಂಡಿ ಬರೆಯೋದು ಬಿಡಿ, ಅದು ಹೇಗೂ ನಿಮಗೆ ಬಾಯಿಪಾಠ. ಒಂದೆರಡು ತಿಂಗಳಲ್ಲಿ ಪೂರ್ತಿ ಬಿಡಬಹುದು. ಪಾತ್ರೆ ಮಾತ್ರ ಇರಲಿ: ವಾರಕ್ಕೊಂದು ಸಲ, ಒಂದೇ ದಿನ, ಒಂದೇ ಹೊತ್ತಿಗೆ ತೂಕ ನೋಡಿ. ಒಂದು ಕಿಲೋ ಆಚೆ ಈಚೆ ಆಗೋದು ನೀರು, ಉಪ್ಪು, ಅದಕ್ಕೆ ಹೆದರಬೇಡಿ. ಎರಡು ಮೂರು ಕಿಲೋ ಏರಿ ಅಲ್ಲೇ ನಿಂತ್ರೆ ಎರಡು ವಾರ ಮತ್ತೆ ಬರೀರಿ, ಎಲ್ಲಿ ಸಡಿಲ ಆಯ್ತು ಅಂತ ನೋಡಿ, ಮತ್ತೆ ಮುಚ್ಚಿಡಿ. ಅದು ಸೋಲಲ್ಲ. ಉಪಕರಣ ಇರೋದೇ ಬೇಕಾದಾಗ ತೆಗೆಯೋಕೆ.

ಕೊನೆಗೆ ಒಂದು ಗುಂಪಿಗೆ ವಿಶೇಷವಾಗಿ. ತೂಕ ಈಗಾಗಲೇ ಕಡಿಮೆ ಇದ್ರೂ ಇನ್ನೂ ಇಳಿಸ್ತಿರೋರು, ತಿಂದದ್ದನ್ನ ವಾಂತಿ ಮಾಡೋರು, ಮುಚ್ಚಿಟ್ಟು ತಿನ್ನೋರು, ಮುಟ್ಟು ನಿಂತುಹೋಗಿರೋ ತಂಗಿಯರು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ 36 ಆರೋಗ್ಯವಂತ ಯುವಕರನ್ನ ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದ್ರು. ಅವರಿಗೆ ಊಟ ಬಿಟ್ಟು ಬೇರೆ ಯೋಚನೆ ಬರಲಿಲ್ಲ, ಅಡುಗೆ ಪುಸ್ತಕ ಓದ್ತಾ ಕೂತಿದ್ರು. ತಲೆ ತುಂಬ ಊಟದ ಯೋಚನೆಯೇ ಇದ್ರೆ ಅದು ದೆವ್ವದ ಕಾಟ ಅಂತ ಅವಸರದಲ್ಲಿ ತೀರ್ಮಾನಿಸಬೇಡಿ. ಹಸಿದ ದೇಹ ಕೂಗ್ತಿರಬಹುದು. ನಾವು ಕೈಯಿಟ್ಟು ಪ್ರಾರ್ಥನೆ ಮಾಡ್ತೀವಿ, ಡಾಕ್ಟರ್ ಹತ್ರ ಜೊತೇಲೂ ಬರ್ತೀವಿ. ಎರಡೂ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ದಯವಿಟ್ಟು ಒಬ್ಬರೇ ಹೊತ್ಕೊಂಡು ತಿರುಗಬೇಡಿ.

ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.

ಕರ್ತನೇ, ಅರಣ್ಯದಲ್ಲಿ ಅಳೆದು ಕೊಟ್ಟವರು ನೀವೇ, ಕಾನಾನಿನಲ್ಲಿ ಬೆಳೆ ಕೊಟ್ಟವರೂ ನೀವೇ. ನಮ್ಮ ಕೆಲವರಿಗೆ ಇನ್ನೂ ಅಳತೆ ಬೇಕು, ಅವರಿಗೆ ತಾಳ್ಮೆ ಕೊಡಿ. ಕೆಲವರ ಅಳತೆಯ ಕಾಲ ಮುಗಿದಿದೆ, ಅವರಿಗೆ ಧೈರ್ಯ ಕೊಡಿ. ತಟ್ಟೆ ಮುಂದೆ ಕೂತಾಗ ಭಯ ಅಲ್ಲ, ಕೃತಜ್ಞತೆ ನಮ್ಮ ಮೊದಲ ಮಾತಾಗಲಿ. ನಮ್ಮ ದೇಹಕ್ಕೂ ನಮ್ಮ ಹೃದಯಕ್ಕೂ ನೀವೊಬ್ಬರೇ ಯಜಮಾನರಾಗಿರಿ. ಯೇಸುವಿನ ನಾಮದಲ್ಲಿ ಬೇಡ್ತೀವಿ, ತಂದೆಯೇ. ಆಮೆನ್.