ಮೈನರ್ ಖಾತೆ

ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸಿದ ನಮಗೆಲ್ಲ ಒಂದು ಪ್ರಶ್ನೆ ತಪ್ಪಿದ್ದಲ್ಲ: ಮೂಲದ ಗುರುತನ್ನು ಮಕ್ಕಳಿಗೆ ಎಷ್ಟು ಉಳಿಸಿಕೊಡಬೇಕು? ಪುಣೆಯಲ್ಲಿ ನಾವು ಮನೆಯೊಳಗೆ ಕನ್ನಡ ಆಡಿ, ಬೇಸಿಗೆ ರಜೆಗೆ ಹುಬ್ಬಳ್ಳಿಗೆ ಹೋಗಿ ಹೇಗೋ ಸಂಭಾಳಿಸಿದೆವು. ಆದರೆ ದತ್ತುವಾಗಿ ದೇಶವನ್ನೇ ದಾಟುವ ಮಗುವಿಗೆ?

ಅಮೆರಿಕದಲ್ಲಿರುವ ನನ್ನ ಸೋದರಳಿಯ ದಂಪತಿ ಭಾರತದಿಂದ ಮಗುವನ್ನು ದತ್ತು ಪಡೆಯಲು ಅರ್ಜಿ ಹಾಕಿದ್ದಾರೆ. ಮಗು ಒಡಿಶಾದ್ದಾಗಬಹುದು, ಬಿಹಾರದ್ದಾಗಬಹುದು. ಅವರ ಮನೆಯ ಕನ್ನಡವೂ ಅದಕ್ಕೆ ಹೊಸದೇ. “ಮಾಮಾ, ಮೊದಲ ಏನು ಓದಬೇಕು ಹೇಳ್ರಿ” ಅಂತ ಕೇಳಿದ.

ಸರೂ ಬ್ರೈರ್ಲಿಯ ‘ಎ ಲಾಂಗ್ ವೇ ಹೋಮ್’ (2013) ಓದು ಅಂದೆ. ಖಂಡ್ವಾದ ಬಡ ಹುಡುಗ ರೈಲಿನಲ್ಲಿ ದಾರಿ ತಪ್ಪಿ ಕಲ್ಕತ್ತಾ ಸೇರಿ, 1987ರಲ್ಲಿ ಆಸ್ಟ್ರೇಲಿಯಾದ ತಾಸ್ಮೇನಿಯಾಕ್ಕೆ ದತ್ತು ಹೋದ. 2012ರಲ್ಲಿ ಹೆತ್ತ ತಾಯಿಯನ್ನು ಕಂಡ. ಅವನ ಕೋಣೆಯ ಗೋಡೆಗೆ ಭಾರತದ ನಕಾಶೆ ತೂಗುಹಾಕಿದವಳು ಸಾಕುತಾಯಿಯೇ. ಅದರಿಂದ ಆಕೆಯ ತಾಯ್ತನಕ್ಕೆ ಕೊರತೆಯೇನೂ ಬರಲಿಲ್ಲ.

ಎರಡನೆಯದು 1993ರ ಹೇಗ್ ಒಪ್ಪಂದ. ಭಾರತ ಇದನ್ನು 2003ರಲ್ಲಿ ಅನುಮೋದಿಸಿತು. ಮಗುವಿನ ಮೂಲದ ಮಾಹಿತಿಯನ್ನು ಕಾಪಾಡಿ ಇಡಬೇಕೆಂದು ಅದರ 30ನೇ ವಿಧಿ ಹೇಳುತ್ತದೆ. ಕಾಗದದ ಮಾತು ಅಂತ ತಳ್ಳಿಹಾಕಬೇಡಿ. ದಕ್ಷಿಣ ಕೊರಿಯಾದಿಂದ ವಿದೇಶಕ್ಕೆ ಹೋದ ಮಕ್ಕಳಲ್ಲಿ ಹಲವರ ದಾಖಲೆಗಳನ್ನು ತಿದ್ದಲಾಗಿತ್ತು, ತಂದೆತಾಯಿ ಇದ್ದವರನ್ನೂ ಅನಾಥರೆಂದು ಬರೆಯಲಾಗಿತ್ತು ಎಂದು ಅಲ್ಲಿನ ಸತ್ಯಶೋಧನಾ ಆಯೋಗವೇ 2025ರಲ್ಲಿ ಹೇಳಿದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಮಗುವಿನದೇ ಫೈಲು: ಅಧ್ಯಯನ ವರದಿ, ವೈದ್ಯಕೀಯ ವರದಿ. ಅದರಲ್ಲಿ ಮಗುವಿಗೆ ನೋವಾಗುವ ಸಂಗತಿ ಇದ್ದರೆ? ಮುಚ್ಚಿಡುವುದೇ ಕರುಣೆಯಲ್ಲವೇ?

ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದವನಿಗೆ ಮೈನರ್ ಖಾತೆ ನೆನಪಾಗುತ್ತದೆ. ಸಹಿ ಪೋಷಕರದು, ಹಣ ಮಗುವಿನದು. ಮಗು ಮೇಜರ್ ಆದ ದಿನದಿಂದ ಪೋಷಕರ ಸಹಿ ನಡೆಯದು. ಮಗುವಿನ ಪೂರ್ವಕಥೆಯೂ ಹಾಗೆಯೇ. ಯಾವ ವಯಸ್ಸಿಗೆ ಎಷ್ಟು ಹೇಳಬೇಕು ಎಂಬುದು ನಿಮ್ಮ ವಿವೇಚನೆ. ಅದನ್ನು ತಿದ್ದುವ, ಹರಿದು ಹಾಕುವ ಹಕ್ಕು ನಿಮಗಿಲ್ಲ.

ಇಲ್ಲಿ ಇನ್ನೊಬ್ಬಳನ್ನು ಮರೆಯಬಾರದು. ಹದಿನೆಂಟು ತುಂಬಿದ ಮೇಲೆ ಮಗು ತನ್ನ ಮೂಲ ಹುಡುಕಲು ನಮ್ಮ ದೇಶದ ನಿಯಮದಲ್ಲಿ ಅವಕಾಶವಿದೆ. ಆದರೆ ಗುರುತು ಗುಟ್ಟಾಗಿರಲಿ ಎಂದು ಕೇಳಿಕೊಂಡು ಮಗುವನ್ನು ಒಪ್ಪಿಸಿಹೋದ ತಾಯಿಯ ಗುರುತನ್ನು ಆಕೆಯ ಒಪ್ಪಿಗೆಯಿಲ್ಲದೆ ಹೇಳುವಂತಿಲ್ಲ. ಎಂಥ ಕಷ್ಟದಲ್ಲಿ ಬಿಟ್ಟಳೋ! ಆಕೆಯ ಗುಟ್ಟಿಗೂ ಬೆಲೆಯಿದೆ. ಆದ್ದರಿಂದ “ನಿನ್ನ ತಾಯಿಯನ್ನು ಹುಡುಕಿಕೊಡುತ್ತೇವೆ” ಅಂತ ಮಗುವಿಗೆ ಮಾತು ಕೊಡಬೇಡಿ. “ನಮಗೆ ಗೊತ್ತಿರುವುದು ಇಷ್ಟು, ಇದಕ್ಕಿಂತ ಹೆಚ್ಚು ಗೊತ್ತಿಲ್ಲ” ಅನ್ನಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಸುಳ್ಳಲ್ಲ. ಚೆಂದದ ಕಥೆ ಕಟ್ಟುವುದು ಸುಳ್ಳು.

ಮಗು ಮನೆಗೆ ಬರುವ ಮುಂಚೆಯೇ ಗಟ್ಟಿ ರಟ್ಟಿನ ಒಂದು ಫೈಲು ತನ್ನಿ. ಸಿಕ್ಕ ಪ್ರತಿ ಕಾಗದವನ್ನೂ ತಾರೀಖಿನ ಪ್ರಕಾರ ಸೇರಿಸಿ. ಮೇಲೆ ಹೆಸರು ಬರೆಯುವಾಗ ನಿಮ್ಮದು ಬೇಡ, ಮಗುವಿನದೇ ಬರೆಯಿರಿ.